ಇನ್ನೊಂದು ಡಿಗ್ರಿನಾ, ಪಿ.ಜಿ.ನಾ? ಸೀಟು ಹಿಡಿಯುವ ಮೊದಲು ಮಾಡಬೇಕಾದ ಕೆಲಸಗಳು

ಡಿಗ್ರಿ ರಿಸಲ್ಟ್ ಬಂದ ವಾರದೊಳಗೆ ನನಗೆ ಫೋನು ಶುರುವಾಗುತ್ತದೆ. "ಸರ್, ಎಂ.ಎ. ಸೀಟ್ ಸಿಕ್ತು, ಫೀಸ್ ಕಟ್ಬಿಡ್ಲಾ?" ಯಾಕೆ ಎಂ.ಎ. ಅಂತ ಕೇಳಿದರೆ, "ಸುಮ್ನೆ ಮನೇಲಿ ಕೂರೋದ್ಯಾಕೆ ಅಂತ ಸರ್." ಎರಡು ವರ್ಷ ಬಿಟ್ಟು ಅದೇ ನಂಬರಿನಿಂದ ಮತ್ತೆ ಕರೆ: "ಸರ್, ಈ ಪೋಸ್ಟಿಗೆ ಬಿ.ಇಡಿ. ಕೇಳಿದ್ದಾರೆ, ಏನ್ಮಾಡ್ಲಿ?"

ಜಗಳೂರಿಂದ ಹಿರಿಯೂರಿನ ತನಕ ಎಲ್ಲರೂ ಎಡವುವುದು ಒಂದೇ ಕಡೆ. ಮೊದಲು ಸೀಟು ಹಿಡಿಯುತ್ತಾರೆ. ಆಮೇಲೆ ಸ್ಕಾಲರ್‌ಶಿಪ್ ಬರುತ್ತಾ ಅಂತ ನೋಡುತ್ತಾರೆ. ಓದು ಮುಗಿದ ಮೇಲೆ ಕೆಲಸಕ್ಕೆ ಏನು ಕೇಳುತ್ತಾರೆ ಅಂತ ಹುಡುಕುತ್ತಾರೆ. ಇದನ್ನು ಪೂರ್ತಿ ತಿರುಗಿಸಬೇಕು. ಕೆಲಸ ಮೊದಲು, ಅರ್ಹತೆ ಆಮೇಲೆ, ದುಡ್ಡು ಅದಾದ ಮೇಲೆ, ಸೀಟು ಕೊನೆಗೆ. ಕೆಳಗಿನ ಹಂತಗಳು ಈ ಕ್ರಮದಲ್ಲೇ ಇವೆ. ನಡುವೆ ಒಂದನ್ನು ಹಾರಿಸಿ ಮುಂದೆ ಹೋಗಬೇಡಿ.

ಶುರು ಮಾಡುವ ಮೊದಲು ಇವನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ: ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಡಿಗ್ರಿಯ ಎಲ್ಲ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡು, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಒಂದು ನೋಟ್‌ಬುಕ್. ಎರಡು ಸಂಜೆ ಮನೆಯಲ್ಲಿ, ಒಂದು ದಿನ ಓಡಾಟಕ್ಕೆ. ಇಷ್ಟು ಸಾಕು.

ಹಂತ 1: ಅಧಿಸೂಚನೆಯ ಒಂದೇ ಒಂದು ಪ್ಯಾರಾ ಓದಿ

ನಿಮಗೆ ಬೇಕಾದ ಕೆಲಸದ ಹಳೆಯ ನೇಮಕಾತಿ ಅಧಿಸೂಚನೆ ಇಳಿಸಿಕೊಳ್ಳಿ. ಕೆಪಿಎಸ್‌ಸಿ (ರಾಜ್ಯದ ಲೋಕಸೇವಾ ಆಯೋಗ), ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ), ಶಾಲಾ ಶಿಕ್ಷಣ ಇಲಾಖೆ, ಬ್ಯಾಂಕಿನವರಾದರೆ ಐಬಿಪಿಎಸ್. ಕನಿಷ್ಠ ಮೂರು ಬೇರೆ ಬೇರೆ ಕೆಲಸದ್ದು ಇರಲಿ. ಮೂವತ್ತು, ನಲವತ್ತು ಪುಟ ಇರುತ್ತದೆ, ಹೆದರಬೇಡಿ. ನೀವು ಓದಬೇಕಾದ್ದು 'ವಿದ್ಯಾರ್ಹತೆ' ಅನ್ನುವ ಪ್ಯಾರಾ ಮಾತ್ರ. ಅದನ್ನು ಪದ ಬಿಡದೆ ನೋಟ್‌ಬುಕ್ಕಿಗೆ ಇಳಿಸಿ. ಫೋಟೋ ತೆಗೆದರೆ ಆಗಲ್ಲ, ಕೈಯಲ್ಲೇ ಬರೆಯಿರಿ. ಬರೆಯುವಾಗಲೇ ಸಣ್ಣ ಪದಗಳು ಕಣ್ಣಿಗೆ ಬೀಳುವುದು.

ಹೀಗೆ ಬರೆದಾಗ ಕೆಲಸಗಳು ತಾವಾಗೇ ಮೂರು ಗುಂಪಾಗುತ್ತವೆ.

ಮೊದಲನೆಯದು, 'ಯಾವುದೇ ಪದವಿ' ಕೇಳುವ ಕೆಲಸ. ಕೆಎಎಸ್, ಎಫ್‌ಡಿಎ, ಪಿಡಿಒ, ಬ್ಯಾಂಕ್ ಪಿಒ ಎಲ್ಲ ಇಲ್ಲೇ ಬರುತ್ತವೆ. ಈ ಗುಂಪು ನಿಮ್ಮದಾದರೆ ನಿಮಗೆ ಎರಡನೇ ಡಿಗ್ರಿಯೂ ಬೇಡ, ಪಿ.ಜಿ.ಯೂ ಬೇಡ. ಕೈಯಲ್ಲಿರುವ ಡಿಗ್ರಿಯೇ ಪೂರ್ತಿ ಅರ್ಹತೆ. "ಪಿ.ಜಿ. ಆದ್ರೆ ವೇಟೇಜ್ ಇರತ್ತಂತೆ" ಅಂತ ಯಾರಾದರೂ ಹೇಳಿದರೆ, ಅಧಿಸೂಚನೆಯಲ್ಲಿ ಆ ಸಾಲು ತೋರಿಸಿ ಅನ್ನಿ. ಈ ಮಾರ್ಗದರ್ಶಿಯನ್ನು ಇಲ್ಲಿಗೇ ನಿಲ್ಲಿಸಿ ಓದಲು ಕೂರಬಹುದು. ಹಾಸ್ಟೆಲ್ ಮತ್ತು ಲೈಬ್ರರಿ ಸಿಗುತ್ತದೆ ಅಂತಲೇ ಪಿ.ಜಿ. ಸೇರುವವರು ತುಂಬ ಜನ ಇದ್ದಾರೆ. ಅದು ತಪ್ಪಲ್ಲ. ಆದರೆ ಅಸೈನ್‌ಮೆಂಟು, ಇಂಟರ್ನಲ್ಸು, ಹಾಜರಾತಿ ಎಲ್ಲ ಸೇರಿ ಅರ್ಧ ದಿನ ತಿನ್ನುತ್ತವೆ ಅನ್ನುವುದು ಗೊತ್ತಿರಲಿ.

ಎರಡನೆಯದು, 'ಸಂಬಂಧಪಟ್ಟ ವಿಷಯದಲ್ಲಿ ಸ್ನಾತಕೋತ್ತರ ಪದವಿ' ಕೇಳುವ ಕೆಲಸ. ಪಿಯು ಉಪನ್ಯಾಸಕ, ಡಿಗ್ರಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ. ಇಲ್ಲಿ ಪಿ.ಜಿ. ಇಲ್ಲದೆ ಬಾಗಿಲೇ ತೆರೆಯುವುದಿಲ್ಲ. ಆದರೆ ಬರೀ ಪಿ.ಜಿ.ಯಿಂದಲೂ ತೆರೆಯುವುದಿಲ್ಲ. ಪಿಯು ಉಪನ್ಯಾಸಕರಿಗೆ ಪಿ.ಜಿ.ಯಲ್ಲಿ 55 ಪರ್ಸೆಂಟ್ ಜೊತೆಗೆ ಬಿ.ಇಡಿ. ಕೇಳುತ್ತಾರೆ. ಡಿಗ್ರಿ ಕಾಲೇಜಿಗೆ 55 ಪರ್ಸೆಂಟ್ ಜೊತೆಗೆ ನೆಟ್ ಅಥವಾ ಕೆ-ಸೆಟ್ (ಉಪನ್ಯಾಸಕರ ಅರ್ಹತಾ ಪರೀಕ್ಷೆಗಳು), ಇಲ್ಲವೇ ಪಿಎಚ್.ಡಿ. ಮೀಸಲಾತಿ ಇರುವವರಿಗೆ ಅಂಕದಲ್ಲಿ ರಿಯಾಯಿತಿ ಇದೆ. ಯಾವ ವರ್ಗಕ್ಕೆ ಎಷ್ಟು ಅನ್ನುವುದು ಅದೇ ಪ್ಯಾರಾದಲ್ಲಿ ಇರುತ್ತದೆ.

ಮೂರನೆಯದು, ಇಂಥದ್ದೇ ಬ್ಯಾಚುಲರ್ ಡಿಗ್ರಿ ಅಂತ ಹೆಸರು ಹಿಡಿದು ಕೇಳುವ ಕೆಲಸ. ಶಿಕ್ಷಕರಿಗೆ ಬಿ.ಇಡಿ., ವಕೀಲರಿಗೆ ಎಲ್‌ಎಲ್.ಬಿ., ಪಿ.ಟಿ. ಮೇಷ್ಟ್ರಿಗೆ ಬಿ.ಪಿ.ಇಡಿ., ಜೊತೆಗೆ ನರ್ಸಿಂಗ್, ಫಾರ್ಮಸಿ, ಎಂಜಿನಿಯರಿಂಗ್. ಇಲ್ಲಿ ನಿಮ್ಮ ಎಂ.ಎ. ಎಷ್ಟೇ ದೊಡ್ಡದಿದ್ದರೂ ಲೆಕ್ಕಕ್ಕಿಲ್ಲ. ಎರಡು ಎಂ.ಎ. ಮಾಡಿದವರಿಗೂ ಎಲ್‌ಎಲ್.ಬಿ. ಇಲ್ಲದೆ ಕರಿಕೋಟು ಹಾಕಲು ಬಿಡುವುದಿಲ್ಲ.

ಇಲ್ಲಿ ನನ್ನ ಕಥೆ ಹೇಳಿಬಿಡುತ್ತೇನೆ. ನಾನು ಬಿ.ಕಾಂ. ಮುಗಿಸಿದಾಗ ಮನೆಯಲ್ಲಿ ಎಲ್ಲರೂ "ಮೇಷ್ಟ್ರ ಕೆಲ್ಸ ಭದ್ರ" ಅಂದರು. ಒಂದು ಕಾಲೇಜಿನ ಆಫೀಸಿನಲ್ಲಿ ವಿಚಾರಿಸಿದೆ. "ಯಾವ ಡಿಗ್ರಿ ಆದ್ರೂ ಬಿ.ಇಡಿ. ಆಗತ್ತೆ, ಫೀಸ್ ಕಟ್ಟಿ" ಅಂದರು. ಅವರು ಹೇಳಿದ್ದು ಸುಳ್ಳಲ್ಲ, ಬಿ.ಇಡಿ. ಆಯಿತು. ಆದರೆ ನಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ವಾಣಿಜ್ಯ ಅನ್ನುವ ವಿಷಯವೇ ಇಲ್ಲ. ಬಿ.ಇಡಿ. ಆದ ಮೇಲೆ ಅಧಿಸೂಚನೆ ಕೈಗೆ ಬಂದಾಗ ಅದರಲ್ಲಿ ನನ್ನ ವಿಷಯವನ್ನು ಹುಡುಕಿ ಹುಡುಕಿ ಸಾಕಾಯಿತು. ಪಿಯು ಉಪನ್ಯಾಸಕನಾಗಬಹುದು ಅಂತ ಆಮೇಲೆ ಎಂ.ಕಾಂ. ಮಾಡಿದೆ. ಬಂದಿದ್ದು 54.2 ಪರ್ಸೆಂಟ್. ನಾನು ಜನರಲ್ ಕೆಟಗರಿ. ಬೇಕಿದ್ದದ್ದು 55. ಈಗ ಖಾಸಗಿ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಅಡ್ಮಿಷನ್ ಕಾಲದಲ್ಲಿ ಬಂದವರ ಮಾರ್ಕ್ಸ್ ಕಾರ್ಡು ನೋಡುತ್ತೇನೆ. ಆ ಪ್ಯಾರಾ ಮೊದಲೇ ಓದಿದ್ದರೆ ಮೊದಲ ದಿನದಿಂದ 55ರ ಮೇಲೆ ಕಣ್ಣಿರುತ್ತಿತ್ತು.

ಖಾಸಗಿ ಕೆಲಸಕ್ಕೆ ಅಧಿಸೂಚನೆ ಇರುವುದಿಲ್ಲ. ಅದಕ್ಕೆ ಬೇರೆ ದಾರಿ. ನಿಮಗೆ ಬೇಕಾದ ಕೆಲಸದ ಹತ್ತು ಜಾಹೀರಾತು ಗುಡ್ಡೆ ಹಾಕಿ, ಡಿಗ್ರಿ ಕೇಳಿದ್ದಾರಾ ಅಥವಾ ಕೈಗೆಲಸ ಕೇಳಿದ್ದಾರಾ ಅಂತ ಗುರುತು ಹಾಕಿ. ಅಕೌಂಟ್ಸ್ ಕೆಲಸವಾದರೆ ಟ್ಯಾಲಿ, ಜಿಎಸ್‌ಟಿ ರಿಟರ್ನ್ ಬರುತ್ತಾ ಅಂತಲೇ ಜಾಸ್ತಿ ಕೇಳುವುದು. ಎರಡು ವರ್ಷ ಎಂ.ಕಾಂ. ಮಾಡಿದವನಿಗಿಂತ ಅದೇ ಎರಡು ವರ್ಷ ಆಡಿಟರ್ ಆಫೀಸಿನಲ್ಲಿ ಕೂತವನಿಗೆ ಬೇಗ ಕೆಲಸ ಸಿಗುವುದನ್ನು ನಾನೇ ನೋಡಿದ್ದೇನೆ. ಎಂ.ಕಾಂ. ಮೇಷ್ಟ್ರಾಗಿ ಇದನ್ನು ಹೇಳುವುದು ಸ್ವಲ್ಪ ಕಷ್ಟವೇ.

ಎಚ್ಚರಿಕೆಯ ಗುರುತು: ಈ ಹಂತ ಮುಗಿದ ಮೇಲೂ "ಯಾವ ಕೆಲಸ?" ಅನ್ನುವುದಕ್ಕೆ ನಿಮ್ಮ ಉತ್ತರ "ಏನಾದ್ರೂ ಸರ್ಕಾರಿದು" ಅಂತಲೇ ಇದ್ದರೆ, ಇನ್ನೂ ಯಾವ ಕೋರ್ಸಿಗೂ ಅರ್ಜಿ ಹಾಕಬೇಡಿ.

ಹಂತ 2: ಮಾರ್ಕ್ಸ್ ಕಾರ್ಡು ಬಿಡಿಸಿ, ನಿಮಗೆ ಯಾವ ಬಾಗಿಲು ಮುಚ್ಚಿದೆ ನೋಡಿ

ಪಿ.ಜಿ.ಗೆ ಡಿಗ್ರಿ ಪಾಸಾಗಿರುವುದಷ್ಟೇ ಸಾಲದು. ಯಾವ ವಿಷಯ, ಎಷ್ಟು ಸೆಮಿಸ್ಟರ್ ಓದಿದ್ದೀರಿ ಅನ್ನುವುದೂ ಬೇಕು. ಎಚ್‌.ಇ.ಪಿ. ತೆಗೆದುಕೊಂಡ ಬಿ.ಎ.ಯವರಿಗೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದ ಎಂ.ಎ. ದಾರಿ ಸಲೀಸು. ಸಿ.ಬಿ.ಝಡ್‌. (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಮಾಡಿದವರು ಗಣಿತದ ಎಂ.ಎಸ್ಸಿ.ಗೆ ಹೋಗಲಾರರು. ಎಂ.ಬಿ.ಎ., ಎಂ.ಎಸ್.ಡಬ್ಲ್ಯೂ. ಥರದ ಕೋರ್ಸುಗಳು ಬೇರೆ ಬೇರೆ ಡಿಗ್ರಿಯವರನ್ನು ಸೇರಿಸಿಕೊಳ್ಳುತ್ತವೆ. ಎಂ.ಸಿ.ಎ. ಈಗ ಎರಡೇ ವರ್ಷ. ಪಿಯುಸಿಯಲ್ಲೋ ಡಿಗ್ರಿಯಲ್ಲೋ ಗಣಿತ ಓದಿದ್ದರೆ ಬಿ.ಸಿ.ಎ. ಆಗದವರಿಗೂ ಅಲ್ಲಿ ದಾರಿಯಿದೆ. ಎಂ.ಬಿ.ಎ., ಎಂ.ಸಿ.ಎ. ಎರಡಕ್ಕೂ ಕೆಇಎ ನಡೆಸುವ ಪಿಜಿಸಿಇಟಿ ಬರೆಯಬೇಕು.

ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿ. ಎಡಕ್ಕೆ ಹಂತ 1ರಲ್ಲಿ ಬರೆದ ಕೆಲಸ ಕೇಳುವ ಅರ್ಹತೆ. ಬಲಕ್ಕೆ ನಿಮ್ಮ ಹತ್ತಿರ ಇರುವುದು. ನಡುವೆ ಏನು ಕಮ್ಮಿ ಬಿತ್ತೋ ಅದೇ ನೀವು ಓದಬೇಕಾದ ಕೋರ್ಸು. ಕಮ್ಮಿ ಬಿದ್ದದ್ದು ಬಿ.ಇಡಿ. ಆಗಿದ್ದರೆ ಎಂ.ಎ. ಅರ್ಜಿ ಹರಿದುಹಾಕಿ.

ಚಳ್ಳಕೆರೆ ಕಡೆಯ ಒಬ್ಬ ಹುಡುಗನ ಉದಾಹರಣೆ ನೋಡಿ. ಬಿ.ಎಸ್ಸಿ., ಪಿ.ಸಿ.ಎಂ. ಸಾಫ್ಟ್‌ವೇರಿಗೆ ಹೋಗಬೇಕು ಅಂತ ಮೊದಲಿಂದ ನಾಲ್ಕು ವರ್ಷದ ಬಿ.ಇ. ಮಾಡುವ ಯೋಚನೆ ಅವನದು. ಮಾರ್ಕ್ಸ್ ಕಾರ್ಡಿನಲ್ಲಿ ಗಣಿತ ಇತ್ತು. ಎರಡು ವರ್ಷದ ಎಂ.ಸಿ.ಎ.ಗೆ ಅವನು ಆಗಲೇ ಅರ್ಹ. ಸಿವಿಲ್ ಅಥವಾ ಮೆಕ್ಯಾನಿಕಲ್ ಎಂಜಿನಿಯರೇ ಆಗಬೇಕಿದ್ದರೆ ಮಾತು ಬೇರೆ. ಅವನಿಗೆ ಬೇಕಿದ್ದದ್ದು ಕೋಡಿಂಗ್ ಕೆಲಸ. ಎರಡು ವರ್ಷ ಉಳಿಯಿತು.

ಇದರ ಉಲ್ಟಾ ಕೂಡ ಆಗುತ್ತದೆ. ಬಿ.ಎ. ಆದ ಒಬ್ಬಳು ಹುಡುಗಿಗೆ ಕೋರ್ಟಿನಲ್ಲಿ ವಾದ ಮಾಡುವ ಆಸೆ. "ಮೊದ್ಲು ಎಂ.ಎ. ಮಾಡ್ಕೊಂಡು ಆಮೇಲೆ ಲಾ ಮಾಡ್ತೀನಿ ಸರ್" ಅಂದಳು. ಯಾಕಮ್ಮ ಎರಡು ವರ್ಷ ಸುಮ್ನೆ? ಡಿಗ್ರಿ ಆದವರಿಗೆ ಮೂರು ವರ್ಷದ ಎಲ್‌ಎಲ್.ಬಿ. ಇದ್ದೇ ಇದೆ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಡಿಗ್ರಿಯಲ್ಲಿ ಸಾಮಾನ್ಯ ವರ್ಗಕ್ಕೆ 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40 ಪರ್ಸೆಂಟ್ ಇದ್ದರೆ ಸಾಕು. ದಾವಣಗೆರೆಯಲ್ಲಿ ಆರ್.ಎಲ್. ಕಾನೂನು ಕಾಲೇಜು, ಚಿತ್ರದುರ್ಗದಲ್ಲಿ ಸರಸ್ವತಿ ಕಾನೂನು ಕಾಲೇಜು ಇವೆ. ಬೆಂಗಳೂರಿಗೆ ಹೋಗಲೇಬೇಕು ಅಂತೇನಿಲ್ಲ. ಆದರೆ ಒಂದು ಮಾತು: ಜಡ್ಜ್ ಆಗುವ ಕನಸಿದ್ದರೆ ಮೂರು ವರ್ಷದ ಓದಿನ ಮೇಲೆ ಮತ್ತೆ ಮೂರು ವರ್ಷ ವಕೀಲಿಕೆ ಸೇರಿಸಿ ಎಣಿಸಿ. 2025ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ವಾಪಸ್ ತಂದಿದೆ.

ಬಿ.ಇಡಿ.ಯವರು ಇನ್ನೂ ಸೂಕ್ಷ್ಮವಾಗಿ ನೋಡಬೇಕು. ಶಿಕ್ಷಕರ ನೇಮಕಾತಿಯಲ್ಲಿ ಡಿಗ್ರಿಯ ಐಚ್ಛಿಕ ವಿಷಯ ಮತ್ತು ಬಿ.ಇಡಿ.ಯ ಬೋಧನಾ ವಿಷಯ ಎರಡೂ ತಾಳೆಯಾಗಬೇಕು. 6ರಿಂದ 8ನೇ ತರಗತಿಗಾದರೆ ಇದರ ಮೇಲೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಕೂಡ ಇದೆ. ಹಾಗಾಗಿ ಬಿ.ಇಡಿ. ಅರ್ಜಿಯಲ್ಲಿ ಮೆಥಡ್ ವಿಷಯ (ಅದೇ ಬೋಧನಾ ವಿಷಯ) ಬರೆಯುವಾಗ ಸೈಬರ್ ಸೆಂಟರಿನ ಹುಡುಗನಿಗೆ ಬಿಡಬೇಡಿ. ಅಧಿಸೂಚನೆ ಪಕ್ಕದಲ್ಲಿ ಇಟ್ಟುಕೊಂಡು ನೀವೇ ತುಂಬಿ.

2021-22ರಿಂದ 2023-24ರ ನಡುವೆ ಡಿಗ್ರಿಗೆ ಸೇರಿದವರಿಗೆ ಇನ್ನೊಂದು ತೊಡಕಿದೆ. ನಿಮ್ಮದು ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬ್ಯಾಚು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ನೀವು ಮೂರು ವರ್ಷಕ್ಕೆ ಹೊರಬಂದಿದ್ದೀರಾ, ನಾಲ್ಕನೇ ವರ್ಷ ಓದಿ ಆನರ್ಸ್ ತೆಗೆದುಕೊಂಡಿದ್ದೀರಾ, ನಿಮ್ಮ ಮೇಜರ್ ವಿಷಯ ಯಾವುದು ಅಂತ ಮಾರ್ಕ್ಸ್ ಕಾರ್ಡಿನಲ್ಲೇ ನೋಡಿಕೊಳ್ಳಿ. ಆನರ್ಸ್ ಆಗಿದ್ದರೆ ಪಿ.ಜಿ. ವಿಭಾಗದಲ್ಲಿ "ನನಗೆ ಒಂದು ವರ್ಷದ್ದಾ, ಎರಡು ವರ್ಷದ್ದಾ?" ಅಂತ ಕೇಳಲು ಮರೆಯಬೇಡಿ.

ಹಂತ 3: ವರ್ಷ ಎಣಿಸಿ, ದುಡ್ಡು ಎಣಿಸಿ

ಪಿ.ಜಿ., ಇನ್ನೊಂದು ಡಿಗ್ರಿ ಎರಡೂ ದಾರಿ ತೆರೆದಿದ್ದರೆ ಮಾತ್ರ ಈ ಹಂತ ತೀರ್ಮಾನ ಮಾಡುತ್ತದೆ. ಪಿ.ಜಿ. ಎರಡು ವರ್ಷ. ಬಿ.ಇಡಿ. ಎರಡು ವರ್ಷ. ಎಲ್‌ಎಲ್.ಬಿ. ಮೂರು. ಇನ್ನೊಂದು ಬಿ.ಎ. ಅಥವಾ ಬಿ.ಕಾಂ. ಮೊದಲಿಂದ ಮಾಡಿದರೆ ಮೂರು. ಬಿ.ಇ., ಬಿ.ಫಾರ್ಮ್, ಬಿ.ಎಸ್ಸಿ. ನರ್ಸಿಂಗ್ ನಾಲ್ಕು.

ಎಲ್ಲರೂ ಫೀಸು ಲೆಕ್ಕ ಹಾಕುತ್ತಾರೆ. ಕಳೆದುಕೊಳ್ಳುವ ಸಂಬಳ ಯಾರೂ ಹಾಕುವುದಿಲ್ಲ. ನೀವು ಈಗ ತಿಂಗಳಿಗೆ 12,000 ದುಡಿಯುತ್ತಿದ್ದೀರಿ ಅಂದುಕೊಳ್ಳಿ. ಎರಡು ವರ್ಷ ಬಿಟ್ಟರೆ 2,88,000. ಮೂರು ವರ್ಷಕ್ಕೆ 4,32,000. ನಾಲ್ಕಕ್ಕೆ 5,76,000. ಇದರ ಮೇಲೆ ಫೀಸು, ರೂಮು, ಊಟ, ಬಸ್ಸು. ಈ ಮೊತ್ತವನ್ನು ಹಂತ 1ರಲ್ಲಿ ಬರೆದ ಕೆಲಸದ ಸಂಬಳದ ಪಕ್ಕದಲ್ಲಿ ಇಟ್ಟು ನೋಡಿ.

ಕೆಲಸ ಸಿಗದವರಿಗೆ ಸರ್ಕಾರ ಕೊಡುವ ಯುವನಿಧಿ ಭತ್ಯೆ ಬರುತ್ತಿದ್ದರೆ ಅದನ್ನೂ ಸೇರಿಸಿ. ಡಿಗ್ರಿ ಆದವರಿಗೆ ತಿಂಗಳಿಗೆ 3,000, ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದಲು ಸೇರಿದರೆ ಅದು ಸಿಗುವುದಿಲ್ಲ. ಸೇರಿಯೂ "ಓದುತ್ತಿಲ್ಲ" ಅಂತ ಘೋಷಣೆ ಕೊಡುತ್ತಾ ಹೋಗುವುದು ತೊಂದರೆಗೆ ದಾರಿ.

ಈಗ ತುಂಬ ಜನ ಬೀಳುವ ಹಳ್ಳ, ಸ್ಕಾಲರ್‌ಶಿಪ್. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ಪಿನ ಕೇಂದ್ರ ಮಾರ್ಗಸೂಚಿಯಲ್ಲಿ ಒಂದು ಸಾಲಿದೆ. ಒಂದು ಮಟ್ಟದ ಓದು ಮುಗಿಸಿ, ಅದೇ ಮಟ್ಟದಲ್ಲಿ ಬೇರೆ ವಿಷಯ ಓದಿದರೆ ವಿದ್ಯಾರ್ಥಿವೇತನ ಇಲ್ಲ. ಅವರೇ ಕೊಟ್ಟ ಉದಾಹರಣೆ: ಬಿ.ಎ. ಆದ ಮೇಲೆ ಬಿ.ಕಾಂ. ಒಂದು ಎಂ.ಎ. ಆದ ಮೇಲೆ ಇನ್ನೊಂದು ಎಂ.ಎ. ಮಾಡಿದರೂ ಅಷ್ಟೇ. ಒಂದು ವೃತ್ತಿಪರ ಕೋರ್ಸ್ ಮುಗಿಸಿ ಇನ್ನೊಂದಕ್ಕೆ ಹೋದವರಿಗೂ ಇಲ್ಲ. ಬಿ.ಇಡಿ. ಆದ ಮೇಲೆ ಎಲ್‌ಎಲ್.ಬಿ. ಮಾಡುವವರು ಈ ಸಾಲನ್ನು ಎರಡು ಸಲ ಓದಿ. ಅಂದರೆ ಫೀಸು ಎಷ್ಟು ಅನ್ನುವುದಕ್ಕಿಂತ, ಆ ಫೀಸನ್ನು ಯಾರು ಕಟ್ಟುತ್ತಾರೆ ಅನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ. ಪಿ.ಜಿ.ಗೆ ಸ್ಕಾಲರ್‌ಶಿಪ್ ಬಂದು, ಎರಡನೇ ಡಿಗ್ರಿಗೆ ಪೂರ್ತಿ ಕೈಯಿಂದ ಹೋದರೆ ಲೆಕ್ಕವೇ ಬದಲಾಗುತ್ತದೆ, ಅಲ್ವಾ? ಬೇರೆ ವರ್ಗದವರು ತಮ್ಮ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ, "ನನ್ನದು ಈ ಡಿಗ್ರಿ ಆಗಿದೆ, ಈ ಕೋರ್ಸ್ ಸೇರ್ತೀನಿ, ಎಸ್‌ಎಸ್‌ಪಿಯಲ್ಲಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ತಗೋತೀರಾ?" ಅಂತ ನೇರವಾಗಿ ಕೇಳಿ. ಸೇರಿದ ಮೇಲಲ್ಲ, ಸೇರುವ ಮೊದಲು.

ಬ್ಯಾಂಕ್ ಸಾಲ ಬೇಕಾದವರಿಗೆ: 4 ಲಕ್ಷದ ತನಕ ಸಾಮಾನ್ಯವಾಗಿ ಆಸ್ತಿ ಅಡ ಕೇಳುವುದಿಲ್ಲ. ಆದರೆ ಮನೆಯವರು ಜೊತೆ ಸಹಿ ಹಾಕಬೇಕು. ಎರಡನೇ ಡಿಗ್ರಿಗೆ ಸಾಲ ಕೇಳಿದರೆ "ಮೊದಲನೇದು ಏನಾಯ್ತು?" ಅಂತ ಮ್ಯಾನೇಜರ್ ಕೇಳಿಯೇ ಕೇಳುತ್ತಾರೆ. ಹಂತ 1ರ ನೋಟ್‌ಬುಕ್ ತೋರಿಸಿ.

ವಯಸ್ಸನ್ನೂ ಇಲ್ಲೇ ಎಣಿಸಿ. ರಾಜ್ಯದ ನೇಮಕಾತಿಗಳಲ್ಲಿ ಸಾಮಾನ್ಯವಾಗಿ ಇರುವ ಮಿತಿ: ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರು ಮತ್ತು ಪ್ರವರ್ಗ 1ಕ್ಕೆ 40. ಆಗಾಗ ಸರ್ಕಾರ ಸಡಿಲಿಸುತ್ತದೆ, ಅದನ್ನು ನಂಬಿ ಕೂರಬೇಡಿ. ಹರಿಹರದ ಒಬ್ಬ ತಾಯಿ, 33 ವರ್ಷ, ಸಾಮಾನ್ಯ ವರ್ಗ, ಮೂರು ವರ್ಷದ ಕೋರ್ಸಿಗೆ ಸೇರಲು ಹೊರಟಿದ್ದರು. ಮುಗಿಸುವಷ್ಟರಲ್ಲಿ 36. ಅವರಿಗೆ ಸರ್ಕಾರಿ ನೇಮಕಾತಿಯೇ ಗುರಿಯಾಗಿದ್ದರೆ ಆ ಮೂರು ವರ್ಷಕ್ಕೆ ಅರ್ಥವಿರುತ್ತಿರಲಿಲ್ಲ. ಅವರ ಗುರಿ ವಕೀಲಿಕೆ, ಹಾಗಾಗಿ ಸೇರಿದರು. ವಕೀಲಿಕೆಗೆ ವಯಸ್ಸು ಅಡ್ಡಿಯಿಲ್ಲ.

ಹಂತ 4: ರೆಗ್ಯುಲರ್, ದೂರಶಿಕ್ಷಣ, ಅಥವಾ ಎರಡೂ ಒಟ್ಟಿಗೆ

ಇಷ್ಟರಲ್ಲಿ ನಿಮ್ಮ ಕೋರ್ಸ್ ಗೊತ್ತಾಗಿರುತ್ತದೆ. ಈಗ ಎಲ್ಲಿ, ಹೇಗೆ ಅನ್ನುವುದು.

ದಾವಣಗೆರೆ, ಚಿತ್ರದುರ್ಗ, ನಮ್ಮ ಎರಡೂ ಜಿಲ್ಲೆಗೆ ದಾವಣಗೆರೆ ವಿಶ್ವವಿದ್ಯಾನಿಲಯವೇ. ಮುಖ್ಯ ಕ್ಯಾಂಪಸ್ ತೋಳಹುಣಸೆಯ ಶಿವಗಂಗೋತ್ರಿ. ಚಿತ್ರದುರ್ಗದ ಹತ್ತಿರ ಜಿ.ಆರ್. ಹಳ್ಳಿಯಲ್ಲಿ ಜ್ಞಾನಗಂಗೋತ್ರಿ ಅನ್ನುವ ಪಿ.ಜಿ. ಕೇಂದ್ರ ಇದೆ. ಎಲ್ಲ ವಿಷಯ ಎರಡೂ ಕಡೆ ಇಲ್ಲ. ನಿಮ್ಮ ವಿಷಯ ಯಾವ ಕಡೆ ಇದೆ ಅಂತ ಮೊದಲೇ ನೋಡಿ. ಚಿತ್ರದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿಲೋಮೀಟರು. ಊರು ಮುಟ್ಟಿದ ಮೇಲೆ ತೋಳಹುಣಸೆಗೆ ಮತ್ತೊಂದು ಬಸ್ಸು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನ ಖರ್ಚು ಉಳಿಯುತ್ತದೆ, ಹೊತ್ತು ಉಳಿಯುವುದಿಲ್ಲ. ದಿನಾ ಓಡಾಡುತ್ತೇನೆ ಅಂತ ಸೇರಿ ಎರಡನೇ ಸೆಮಿಸ್ಟರಿಗೆ ಹಾಜರಾತಿ ಕೊರತೆಯಲ್ಲಿ ಸಿಕ್ಕಿಬೀಳುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.

ಕೆಲಸ ಬಿಡಲು ಆಗದವರಿಗೆ ದೂರಶಿಕ್ಷಣ. ಮೈಸೂರಿನ ಮುಕ್ತ ವಿವಿ ಇದೆ, ಇಗ್ನೋ ಇದೆ. ಮಾನ್ಯತೆ ಇರುವ ದೂರಶಿಕ್ಷಣದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೇಳಿದೆ. ಇಲ್ಲಿ 'ಮಾನ್ಯತೆ ಇರುವ' ಅನ್ನುವ ಪದವೇ ಮುಖ್ಯ. ಮುಕ್ತ ವಿವಿಯ ಮಾನ್ಯತೆಯನ್ನು ಯುಜಿಸಿ 2015ರಲ್ಲಿ ಹಿಂದಿನ ವರ್ಷಗಳಿಗೂ ಸೇರಿಸಿ ತೆಗೆದಿತ್ತು. 2018-19ರ ಸಾಲಿನಿಂದ ಮತ್ತೆ ಸಿಕ್ಕಿತು. ನಡುವಿನ ಬ್ಯಾಚಿನವರು ಪಟ್ಟ ಪಾಡು ನಮ್ಮ ಕಡೆ ಇನ್ನೂ ಮರೆತಿಲ್ಲ. ಹಾಗಾಗಿ ವಿವಿಯ ಹೆಸರು ನೋಡಿ ಸುಮ್ಮನಾಗಬೇಡಿ. ನಿಮ್ಮ ಕೋರ್ಸು, ನೀವು ಸೇರುವ ವರ್ಷಕ್ಕೆ, ಯುಜಿಸಿ ದೂರಶಿಕ್ಷಣ ಮಂಡಳಿಯ ಪಟ್ಟಿಯಲ್ಲಿ ಇದೆಯಾ ನೋಡಿ. ಈಗ ಸೇರುವ ಮೊದಲು ಆ ಮಂಡಳಿಯ ಡಿಇಬಿ ಐಡಿ ಮಾಡಿಸಿಕೊಳ್ಳಬೇಕು, ಅದಕ್ಕೆ ಎಬಿಸಿ ಐಡಿ (ನಿಮ್ಮ ಓದಿನ ಕ್ರೆಡಿಟ್ಟುಗಳ ಖಾತೆ ನಂಬರು) ಬೇಕು. ಎರಡನ್ನೂ ನಿಮ್ಮ ಸ್ವಂತ ಮೊಬೈಲ್ ನಂಬರಿಗೇ ಮಾಡಿಸಿ.

ಕೆಲವು ಕೋರ್ಸುಗಳನ್ನು ದೂರಶಿಕ್ಷಣದಲ್ಲಿ ಮಾಡಲೇಬಾರದು: ಕಾನೂನು, ಎಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ. ಬಿ.ಇಡಿ. ದೂರಶಿಕ್ಷಣದಲ್ಲಿ ಇದೆ, ಆದರೆ ಅದು ತರಬೇತಿ ಪಡೆದು ಈಗಾಗಲೇ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿರುವವರಿಗೆ, ಇಲ್ಲವೇ ಡಿ.ಇಡಿ.ಯಂಥ ಕೋರ್ಸನ್ನು ತರಗತಿಯಲ್ಲಿ ಕೂತು ಮುಗಿಸಿದವರಿಗೆ. ಫ್ರೆಶ್ ಡಿಗ್ರಿಯವರಿಗೆ ಅಲ್ಲ.

ಈಗ ಅನೇಕರಿಗೆ ಗೊತ್ತಿಲ್ಲದ ದಾರಿ. 2022ರ ಏಪ್ರಿಲ್‌ನಲ್ಲಿ ಯುಜಿಸಿ ಒಂದೇ ಕಾಲಕ್ಕೆ ಎರಡು ಡಿಗ್ರಿ ಮಾಡಲು ಒಪ್ಪಿಗೆ ಕೊಟ್ಟಿತು. ಒಂದು ರೆಗ್ಯುಲರ್, ಇನ್ನೊಂದು ದೂರಶಿಕ್ಷಣ ಆಗಬಹುದು. ಎರಡೂ ದೂರಶಿಕ್ಷಣ ಆಗಬಹುದು. ತರಗತಿಯ ಹೊತ್ತು ಒಂದರ ಮೇಲೊಂದು ಬೀಳದಿದ್ದರೆ ಎರಡೂ ರೆಗ್ಯುಲರ್ ಕೂಡ ಆಗಬಹುದು. ವೃತ್ತಿಪರ ಕೋರ್ಸಿನಲ್ಲಿ ಆಯಾ ಮಂಡಳಿಯ ನಿಯಮವೂ ಸೇರುತ್ತದೆ. ಎಲ್‌ಎಲ್.ಬಿ. ಜೊತೆ ಇನ್ನೊಂದು ರೆಗ್ಯುಲರ್ ಡಿಗ್ರಿಗೆ ಬಾರ್ ಕೌನ್ಸಿಲ್ ಬಿಡುವುದಿಲ್ಲ, ದೂರಶಿಕ್ಷಣದ ಕೋರ್ಸಿಗೆ ಅಡ್ಡಿಯಿಲ್ಲ. ಹಾಗಾಗಿ ಹಗಲು ಎಲ್‌ಎಲ್.ಬಿ., ಮನೆಯಲ್ಲಿ ಎಂ.ಎ. ಅನ್ನುವ ಜೋಡಿ ಆಗುತ್ತದೆ. "ಇನ್ನೊಂದು ಡಿಗ್ರಿನಾ, ಪಿ.ಜಿ.ನಾ" ಅಂತ ತಲೆ ಕೆಡಿಸಿಕೊಂಡ ಕೆಲವರಿಗೆ ಉತ್ತರ ಇಲ್ಲೇ ಇರಬಹುದು. ಆದರೆ ಎರಡರ ಪರೀಕ್ಷೆ ಒಂದೇ ದಿನ ಬಿದ್ದರೆ ಯಾರೂ ಮುಂದೂಡಿ ಕೊಡುವುದಿಲ್ಲ. ಎಲ್‌ಎಲ್.ಬಿ.ಯಲ್ಲಿ ಪ್ರತಿ ವಿಷಯಕ್ಕೂ 70 ಪರ್ಸೆಂಟ್ ಹಾಜರಾತಿ ಬೇಕು. ಸರ್ಕಾರಿ ನೌಕರರಾಗಿದ್ದರೆ ಇಲಾಖೆಯ ಅನುಮತಿ ಲಿಖಿತವಾಗಿ ಪಡೆಯದೆ ಯಾವುದಕ್ಕೂ ಸೇರಬೇಡಿ.

ಎಚ್ಚರಿಕೆಯ ಗುರುತುಗಳು: "ಒಂದೇ ವರ್ಷದಲ್ಲಿ ಡಿಗ್ರಿ." "ಕ್ಲಾಸಿಗೆ ಬರೋದೇ ಬೇಡ, ಅಟೆಂಡೆನ್ಸ್ ನಮ್ಮ ಜವಾಬ್ದಾರಿ." "ಪರೀಕ್ಷೆ ಬೇರೆ ರಾಜ್ಯದಲ್ಲಿ, ನಾವೇ ಕರ್ಕೊಂಡು ಹೋಗ್ತೀವಿ." ಈ ಮೂರರಲ್ಲಿ ಒಂದು ಕಿವಿಗೆ ಬಿದ್ದರೂ ಚಪ್ಪಲಿ ಹಾಕಿಕೊಂಡು ಹೊರಡಿ. ಬಸ್‌ಸ್ಟ್ಯಾಂಡ್ ಗೋಡೆಗೆ ಅಂಟಿಸಿದ ಪೋಸ್ಟರಿನ ವಿವಿ ಹೆಸರನ್ನು ಯುಜಿಸಿಯ ನಕಲಿ ವಿವಿ ಪಟ್ಟಿಯಲ್ಲಿ ಹುಡುಕಲು ಎರಡು ನಿಮಿಷ ಸಾಕು.

ಹಂತ 5: ಒಂದು ದಿನ ಹೋಗಿ ನೋಡಿ ಬನ್ನಿ

ವಿಭಾಗಕ್ಕೆ ಹೋಗಿ. ಆಫೀಸಿನ ಕಿಟಕಿಯಲ್ಲಿ ಅಲ್ಲ, ಎರಡನೇ ವರ್ಷ ಓದುತ್ತಿರುವ ಮೂವರ ಹತ್ತಿರ ಕೇಳಿ. ಕ್ಲಾಸು ದಿನಾ ನಡೆಯುತ್ತಾ? ಅತಿಥಿ ಉಪನ್ಯಾಸಕರು ಎಷ್ಟು ಜನ, ಸೆಮಿಸ್ಟರ್ ಶುರುವಾದ ಎಷ್ಟು ದಿನಕ್ಕೆ ಬರುತ್ತಾರೆ? ಹೋದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ? ಮೂರನೇ ಪ್ರಶ್ನೆಗೆ ಮೂವರೂ ತಡವರಿಸಿದರೆ ಅದನ್ನೂ ಬರೆದುಕೊಳ್ಳಿ. ಕ್ಯಾಂಟೀನಿನಲ್ಲಿ ಕೂತು ಮಾತಾಡಿಸಿ, ಜಾಸ್ತಿ ನಿಜ ಹೊರಬರುತ್ತದೆ.

ಹಂತ 6: ಕಾಗದಪತ್ರ ಮತ್ತು ಮೊದಲ ತಿಂಗಳು

ಮೂಲ ಮಾರ್ಕ್ಸ್ ಕಾರ್ಡುಗಳು, ಪ್ರೊವಿಷನಲ್ ಅಥವಾ ಘಟಿಕೋತ್ಸವ ಪ್ರಮಾಣಪತ್ರ, ಟಿ.ಸಿ., ಬೇರೆ ವಿವಿಯಿಂದ ಬಂದವರಿಗೆ ಮೈಗ್ರೇಷನ್. ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಚಾಲ್ತಿಯಲ್ಲಿದೆಯಾ ಅಂತ ನಾಡಕಚೇರಿಯಲ್ಲಿ ಮೊದಲೇ ನೋಡಿಸಿ. ಹರಪನಹಳ್ಳಿ ಕಡೆಯವರು 371 ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣಪತ್ರವನ್ನೂ ತೆಗೆದಿಟ್ಟುಕೊಳ್ಳಿ. ನಿಮ್ಮ ತಾಲ್ಲೂಕು ಈಗ ವಿಜಯನಗರ ಜಿಲ್ಲೆಯಲ್ಲಿದ್ದು ಆ ಮೀಸಲಾತಿಗೆ ಬರುತ್ತದೆ. ಡಿಗ್ರಿಯಲ್ಲಿ ಒಂದು ವಿಷಯ ಬ್ಯಾಕ್ ಉಳಿದಿದ್ದರೆ "ಆಮೇಲೆ ಕ್ಲಿಯರ್ ಮಾಡ್ಕೊಳ್ಳಿ, ಈಗ ಸೇರ್ಕೊಳ್ಳಿ" ಅನ್ನುವ ಮಾತು ನಂಬಬೇಡಿ. ಅರ್ಹತೆಯೇ ಇಲ್ಲದೆ ಸೇರಿದ ಅಡ್ಮಿಷನ್ ಕೊನೆಗೆ ರದ್ದಾಗುವುದು ನಿಮ್ಮದೇ.

ಟಿ.ಸಿ. ಒಂದೇ ಇರುತ್ತದೆ, ಅದನ್ನು ಕೊಡಲೇಬೇಕು. ಹಾಗಾಗಿ ಕೊಡುವ ಮೊದಲು ನಾಲ್ಕು ಜೆರಾಕ್ಸ್ ಇರಲಿ. ಆದರೆ ಮೂಲ ಮಾರ್ಕ್ಸ್ ಕಾರ್ಡನ್ನು ಪರಿಶೀಲಿಸಿ ಆಗಲೇ ವಾಪಸ್ ಕೊಡಬೇಕು. ಕಾಲೇಜು ಅದನ್ನು ಇಟ್ಟುಕೊಳ್ಳಬಾರದು ಅಂತ 2018ರ ಯುಜಿಸಿ ಆದೇಶವೇ ಇದೆ.

ಅದೇ ಆದೇಶದಲ್ಲಿ ಫೀಸ್ ವಾಪಸಾತಿಯ ಲೆಕ್ಕವೂ ಇದೆ. ಅಡ್ಮಿಷನ್ನಿನ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮೊದಲೇ ಬಿಟ್ಟರೆ ಪೂರ್ತಿ ಫೀಸು. ಅದಕ್ಕಿಂತ ತಡವಾಗಿ, ಆದರೆ ಕೊನೆಯ ದಿನದ ಒಳಗೆ ಬಿಟ್ಟರೆ 90 ಪರ್ಸೆಂಟ್. ಕೊನೆಯ ದಿನ ಕಳೆದು 15 ದಿನದೊಳಗೆ 80. ಹದಿನೈದರಿಂದ ಮೂವತ್ತು ದಿನದೊಳಗೆ 50. ಮೂವತ್ತು ದಾಟಿದರೆ ಏನೂ ಇಲ್ಲ. ಆ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸೇರಿದ ಮೇಲೆ ಮನಸ್ಸು ಬದಲಾದರೆ, ಅಥವಾ ಹಂತ 1ರ ನೋಟ್‌ಬುಕ್ ತೆರೆದು ನೋಡಿ "ಅಯ್ಯೋ" ಅನ್ನಿಸಿದರೆ, ಆ ದಿನಗಳ ಒಳಗೆ ಅರ್ಜಿ ಬರೆದುಕೊಡಿ. ಅದರ ಪ್ರತಿಗೆ ಆಫೀಸಿನ ಸೀಲು ಹಾಕಿಸಿಕೊಂಡೇ ಹೊರಗೆ ಬನ್ನಿ.